ಗೋಡು ಹೊಡೆದ ಬೇಸಿಗೆ

ಕೋಲಾರ ಸೀಮೆಯಲ್ಲಿ ಹುಟ್ಟಿದವರಿಗೆ ನೀರು ಅಂದರೆ ಕೆರೆ ನೀರೇ. ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ. ಪಾಲಾರ್, ಪಿನಾಕಿನಿ ಹುಟ್ಟುವುದೇನೋ ನಮ್ಮ ಕಡೆಯೇ. ಆದರೆ ದೊಡ್ಡ ಮಳೆ ಬಂದ ದಿನ ಕೆಂಪಗೆ ಹರಿದು, ಆಮೇಲೆ ನೋಡಿದರೆ ಬರೀ ಮರಳು. ಅದಕ್ಕೇ ಹಿಂದಿನವರು ತಗ್ಗು ಕಂಡಲ್ಲೆಲ್ಲ ಏರಿ ಹಾಕಿ ನೀರು ನಿಲ್ಲಿಸಿದರು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಮತ್ತೊಂದಕ್ಕೆ. ಹೀಗೆ ಊರಿಂದೂರಿಗೆ ನೀರಿನ ನಂಟು. ಈಗ ಹೇಳಹೊರಟಿರುವುದು ಅಂಥದೊಂದು ಕೆರೆಯ ಮಣ್ಣಿನ ಕಥೆ. ನಾವು ಐದು ಜನ ಹೈಸ್ಕೂಲು ಮಕ್ಕಳು ಅದರ ಬೆನ್ನು ಹತ್ತಿದ ಕಥೆ.

2010ನೇ ಇಸವಿ. ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ನಾನು ಒಂಬತ್ತನೇ ಕ್ಲಾಸು. ಮಳೆಗಾಲ ಶುರುವಾಗಬೇಕಿತ್ತು, ಆಗಿರಲಿಲ್ಲ. ವಿಜ್ಞಾನದ ಮೇಷ್ಟ್ರು ಒಂದು ಸುತ್ತೋಲೆ ಹಿಡಿದುಕೊಂಡು ಕ್ಲಾಸಿಗೆ ಬಂದರು. ಮಕ್ಕಳ ವಿಜ್ಞಾನ ಸಮಾವೇಶದ್ದು. 1993ರಿಂದ ದೇಶದ ಉದ್ದಗಲಕ್ಕೂ ನಡೆದುಬಂದ ಸಮಾವೇಶ ಅದು. ನಮ್ಮ ರಾಜ್ಯದಲ್ಲಿ ನಡೆಸುತ್ತಿದ್ದವರು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನವರು. ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳು ತಂಡ ಕಟ್ಟಿಕೊಂಡು ತಮ್ಮ ಊರಿನದೇ ಒಂದು ಪ್ರಶ್ನೆ ಹಿಡಿಯಬೇಕಿತ್ತು, ತಾವೇ ಓಡಾಡಿ, ಅಳೆದು, ಕೇಳಿ, ಬರೆಯಬೇಕಿತ್ತು, ತಮ್ಮ ಭಾಷೆಯಲ್ಲೇ ಮಂಡಿಸಬಹುದಿತ್ತು. ಆ ಸಾಲಿನ ವಿಷಯ ಭೂ ಸಂಪನ್ಮೂಲ.

ಅಲ್ಲಿವರೆಗೆ ಪ್ರಾಜೆಕ್ಟ್ ಅಂದರೆ ನಮಗೆ ಗೊತ್ತಿದ್ದದ್ದು ಥರ್ಮಾಕೋಲು, ಮಿಂಚುಪುಡಿ, ಫೆವಿಕಾಲು. ಪೇಟೆಯ ಫ್ಯಾನ್ಸಿ ಸ್ಟೋರಿನಲ್ಲಿ ಎರಡು ರೂಪಾಯಿಗೊಂದು ಚಿತ್ರದ ಹಾಳೆ ಸಿಗುತ್ತಿತ್ತು. ಕತ್ತರಿಸಿ ಅಂಟಿಸಿ, ಕೆಳಗೆ ಸ್ಕೆಚ್ ಪೆನ್ನಲ್ಲಿ ಹೆಸರು ಬರೆದರೆ ಮುಗಿಯಿತು. ಅದನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಕೈ ಕೆಲಸವೂ ಕಲಿಕೆಯೇ. ಆದರೆ ಅದಕ್ಕಾಗಿ ಯಾರ ಮನೆ ಬಾಗಿಲನ್ನೂ ತಟ್ಟಬೇಕಿರಲಿಲ್ಲ. ಊರಿನ ಒಬ್ಬ ಮನುಷ್ಯನನ್ನೂ ಮಾತಾಡಿಸದೆ ಮುಗಿಯುವ ಪ್ರಾಜೆಕ್ಟು ಅರ್ಧ ಪ್ರಾಜೆಕ್ಟು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಮೇಷ್ಟ್ರು ಮಲೆನಾಡಿನವರು, ಬಂದು ಹೆಚ್ಚು ದಿನ ಆಗಿರಲಿಲ್ಲ. ಅವರು ಕೇಳಿದ್ದು ಇಷ್ಟೇ: "ಈ ಮಣ್ಣಿನ ವಿಷಯದಲ್ಲಿ ನಿಮಗೆ ಗೊತ್ತಿಲ್ಲದ್ದು, ಆದ್ರೆ ಊರಲ್ಲಿ ಯಾರಿಗಾದರೂ ಗೊತ್ತಿರೋದು ಏನಿದೆ?" ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ, "ನಮ್ಮಪ್ಪ ಯಾವಾಗ್ಲೂ ಅಂತಿರ್ತಾನೆ ಸಾರ್, ಹೊಲಕ್ಕೆ ಗೋಡು ಹೊಡೆದು ಎಷ್ಟೋ ವರ್ಷ ಆಯ್ತು, ಅದಕ್ಕೇ ರಾಗಿ ಹೀಗಾಗಿದೆ ಅಂತ" ಅಂದ. ಗೋಡು ಅಂದರೇನು ಎಂದು ಮೇಷ್ಟ್ರು ಕೇಳಿದರು. ಕೆರೆಯೊಳಗಿನ ಹೂಳು ಮಣ್ಣು ಎಂಬಷ್ಟು ನಮಗೂ ಗೊತ್ತಿತ್ತು. ಅದನ್ನು ಯಾಕೆ ಹೊಡೆಯುತ್ತಿದ್ದರು, ಯಾಕೆ ನಿಲ್ಲಿಸಿದರು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಪ್ರಾಜೆಕ್ಟಿನ ವಿಷಯ ಅಲ್ಲೇ ನಿಶ್ಚಯವಾಯಿತು.

ಮೊದಲು ಕೇಳಿದ್ದು ನಮ್ಮಜ್ಜಿಯನ್ನೇ. ಆಕೆ ಹೇಳಿದಳು: ಯುಗಾದಿ ಕಳೆದು ಕೆರೆಯ ಅಂಗಳ ಒಣಗುತ್ತಿದ್ದ ಹಾಗೆ ಗಾಡಿ ಕಟ್ಟುತ್ತಿದ್ದರು. ಬೆಳ್ಳಿ ಮೂಡುವ ಹೊತ್ತಿಗೇ ಗಾಡಿಗಳ ಸಾಲು. ಗಂಡಸರು ಅಗೆಯೋದು, ಹೆಂಗಸರು ಮಂಕರಿಯಲ್ಲಿ ತುಂಬಿ ಗಾಡಿಗೆ ಸುರಿಯೋದು. ಎತ್ತಿಲ್ಲದವರು ಎತ್ತಿದ್ದವರ ಹೊಲದಲ್ಲಿ ಮುಯ್ಯಾಳಾಗಿ ದುಡಿದು ತಮ್ಮ ಹೊಲಕ್ಕೂ ನಾಲ್ಕು ಗಾಡಿ ಹೊಡೆಸಿಕೊಳ್ಳುತ್ತಿದ್ದರು. ಮುಂಗಾರು ಬೀಳುವುದರೊಳಗೆ ಹೊಲದ ತುಂಬ ಕಪ್ಪು ಗುಪ್ಪೆಗಳು. ಕೆರೆಯ ಹೊಟ್ಟೆಯೂ ಹಗುರ, ಹೊಲಕ್ಕೂ ಕಸುವು. ಇದಕ್ಕೆ ಸರ್ಕಾರದ ಒಂದು ಪೈಸೆ ಖರ್ಚಿಲ್ಲ. "ಯಾವ ಜಾಗದಾಗ ಅಗೀಬೇಕು ಅಂತ ನಾವು ಕೇಳ್ತಿರಲಿಲ್ಲ, ನೀರುಗಂಟಿ ತೋರಿಸ್ತಿದ್ದ," ಅಂದಳು ಅಜ್ಜಿ. "ಅವನನ್ನೇ ಕೇಳ್ರಿ."

ನೀರುಗಂಟಿ ತಾತನಿಗೆ ಆಗ ಎಪ್ಪತ್ತು ದಾಟಿತ್ತು. ಅಚ್ಚುಕಟ್ಟಿಗೆ ನೀರು ಬಿಡುವುದು ಅವರ ಮನೆತನದ ಕಸುಬು. ಊರಿನ ಆಯಗಾರರಲ್ಲಿ ಅವರೂ ಒಬ್ಬರು. ಸುಗ್ಗಿಯಲ್ಲಿ ಪ್ರತಿ ಹಿಡುವಳಿಯಿಂದಲೂ ಇಷ್ಟು ಹೊರೆ ಎಂದು ಅವರ ಪಾಲು. ಅವರ ಮನೆ ಇದ್ದದ್ದು ಊರ ಆಚೆಯ ಕೇರಿಯಲ್ಲಿ. ಅಚ್ಚುಕಟ್ಟಿನೊಳಗೆ ಅವರದೊಂದು ಗುಂಟೆ ಜಮೀನಿರಲಿಲ್ಲ. ಜಮೀನಿಲ್ಲದವನ ಕೈಯಲ್ಲಿ ನೀರಿದ್ದರೆ ಪಕ್ಷಪಾತ ಆಗುವುದಿಲ್ಲ ಎಂದು ಊರವರು ನಂಬಿದ್ದರು. ಆ ನಂಬಿಕೆಯ ಒಳಗೆ ನ್ಯಾಯವೂ ಇತ್ತು, ದೊಡ್ಡ ಅನ್ಯಾಯವೂ ಇತ್ತು. ಎಲ್ಲರ ಗದ್ದೆಗೂ ನೀರು ಕೊಟ್ಟವರಿಗೆ ಯಾರ ಮನೆಯ ಒಳಗೂ ಲೋಟ ನೀರು ಸಿಗುತ್ತಿರಲಿಲ್ಲ. ನಮ್ಮ ಹಳ್ಳಿಗಳ ಸಂಸ್ಕೃತಿಯನ್ನು ಹಾಡಿ ಹೊಗಳುವಾಗ ಇದನ್ನು ಬಿಟ್ಟು ಹೇಳಿದರೆ ಅದು ಸುಳ್ಳಾಗುತ್ತದೆ.

ಮನೆಯಲ್ಲಿ ಅವರದು ತೆಲುಗು, ನಮ್ಮೊಂದಿಗೆ ಅರ್ಧ ತೆಲುಗು ಅರ್ಧ ಕನ್ನಡ. "ಕೂತ್ಕೊಂಡು ಹೇಳೋದಲ್ಲ ಇದು, ನಡೀರಿ" ಎಂದು ಹಾರೆ ಹೆಗಲಿಗೇರಿಸಿ ಹೊರಟೇಬಿಟ್ಟರು.

ಕೆರೆಯಂಗಳ ಬಿರುಕು ಬಿಟ್ಟು ಒಣಗಿತ್ತು, ಅರ್ಧಕ್ಕರ್ಧ ಬಳ್ಳಾರಿ ಜಾಲಿ. ತಾತ ಮೊದಲು ಕರೆದುಕೊಂಡು ಹೋದದ್ದು ಏರಿಯ ಕಡೆಗಲ್ಲ, ಕಾಲುವೆ ಬಂದು ಸೇರುವ ಮೇಲಿನ ಅಂಚಿಗೆ. ಹಾರೆಯಲ್ಲಿ ನಾಲ್ಕು ಏಟು ಹಾಕಿ ಒಂದು ಹಿಡಿ ಎತ್ತಿ ನನ್ನ ಅಂಗೈಗೆ ಹಾಕಿದರು. ದಪ್ಪ ಮರಳು, ಬೆರಳ ಸಂದಿಯಿಂದ ಜಾರಿಹೋಯಿತು. ಅಲ್ಲಿಂದ ಏರಿಯ ದಿಕ್ಕಿಗೆ ಒಂದಷ್ಟು ದೂರ ನಡೆಸಿ ಮತ್ತೆ ಅಗೆದರು. ಈ ಸಲ ನುಣುಪಾದ ಮಣ್ಣು, ಮುಷ್ಟಿ ಕಟ್ಟಿದರೆ ನಿಲ್ಲುತ್ತದೆ, ಬಿಟ್ಟರೆ ಒಡೆಯುತ್ತದೆ. ತೂಬಿನ ಹತ್ತಿರದ ಮಣ್ಣನ್ನು ಕೊಂಚ ನೀರು ಹಾಕಿ ನಾದಿ ಹೊಸೆದರೆ ಬಳೆ ಮಾಡುವಷ್ಟು ಅಂಟು, ಬಣ್ಣ ಕಪ್ಪು. ನೀರು ರಭಸದಲ್ಲಿ ಬಂದಾಗ ಭಾರದ್ದನ್ನು ಬಾಗಿಲಲ್ಲೇ ಇಳಿಸುತ್ತದೆ, ಹಗುರವಾದ್ದನ್ನು ಒಳಗೆ ತಂದು ನಿಂತ ಮೇಲೆ ನಿಧಾನವಾಗಿ ಬಿಡುತ್ತದೆ. ಪಾಠದಲ್ಲಿ ಓದಿದ್ದ ಸಂಚಯನವನ್ನು ಅವತ್ತು ಅಂಗೈಯಲ್ಲಿ ಹಿಡಿದು ನೋಡಿದೆವು.

"ಕೆಂಪು ಮರಳು ಹೊಲಕ್ಕೆ ತೂಬಿನ ಕಡೆ ಗೋಡು ಬೇಕು. ಎರೆ ಹೊಲದವನು ಅದನ್ನ ಹೊಡೆದರೆ ಕೆಡ್ತಾನೆ, ಅವನಿಗೆ ಮಧ್ಯದ್ದು ಸಾಕು" ಎಂದರು ತಾತ. ಆಮೇಲೆ ಒಂದು ಎಚ್ಚರಿಕೆ. ಏರಿಯ ಬುಡದಲ್ಲಿ ಮಾತ್ರ ಅಗೆಯಲೇಬಾರದು. ಅಲ್ಲಿ ಹಳ್ಳ ಬಿದ್ದರೆ ಏರಿ ಜರುಗುತ್ತದೆ, ನೀರು ಜಿನುಗುತ್ತದೆ. ಅಂಗಳದಲ್ಲೂ ಅಂಟುಮಣ್ಣಿನ ಪದರ ಪೂರ್ತಿ ತೆಗೆದು ಕೆಳಗಿನ ಮರಳು ಬಯಲಾದರೆ, ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. ಗೋಡು ತೆಗೆಯುವುದಕ್ಕೂ ಒಂದು ಅಳತೆಯಿದೆ.

ಮಾರನೆಯ ದಿನ ಇದನ್ನೆಲ್ಲ ಒಪ್ಪಿಸಿದಾಗ ಮೇಷ್ಟ್ರು ಸುಮ್ಮನೆ ಕೂತು ಕೇಳಿದರು. ನಂತರ ಪೋರುಮಾಮಿಳ್ಳದ ಶಾಸನದ ವಿಷಯ ಹೇಳಿದರು. ಕಡಪ ಜಿಲ್ಲೆಯ ಆ ಕೆರೆಯನ್ನು ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ. 1369ರ ಶಾಸನದಲ್ಲಿ ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳು, ಇರಬಾರದ ಆರು ದೋಷಗಳು ಕಲ್ಲಿನ ಮೇಲಿವೆ. ಏರಿಯಲ್ಲಿ ನೀರು ಜಿನುಗುವುದೂ ಆ ದೋಷಗಳಲ್ಲೊಂದು. ಆ ಕೆರೆ ಕಟ್ಟಿದ್ದು ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಶಾಸನ ಓದದ ನೀರುಗಂಟಿ ತಾತನಿಗೆ ಅದೇ ತಿಳಿವಳಿಕೆ ಅಪ್ಪನಿಂದ, ಅಜ್ಜನಿಂದ ಬಂದಿತ್ತು. "ವರದಿಯಲ್ಲಿ ಅವರ ಮಾತು ಮೊದಲು ಬರಲಿ. ಆಮೇಲೆ ಅದನ್ನ ಪರೀಕ್ಷೆ ಮಾಡಿ ನೋಡೋಣ" ಅಂದರು ಮೇಷ್ಟ್ರು.

ಪರೀಕ್ಷೆ ಸರಳವಾದದ್ದು. ಮೂರು ಜಾಗದ ಮಣ್ಣನ್ನು ಗಾಜಿನ ಬಾಟಲಿಗಳಲ್ಲಿ ನೀರು ಹಾಕಿ ಕುಲುಕಿ ಇಟ್ಟೆವು. ಮರಳು ಕಣ್ಣೆದುರೇ ಕೂತಿತು. ತೂಬಿನ ಕಡೆಯ ಮಣ್ಣಿನ ಬಾಟಲಿ ಮಾರನೆಯ ದಿನವೂ ಕದಡಿಕೊಂಡೇ ಇತ್ತು. ಕುಂಡಗಳಲ್ಲಿ ರಾಗಿ ಹಾಕಿದೆವು, ಒಂದರಲ್ಲಿ ಬರೀ ಹೊಲದ ಕೆಂಪು ಮಣ್ಣು, ಒಂದರಲ್ಲಿ ಬರೀ ಗೋಡು, ಒಂದರಲ್ಲಿ ಎರಡೂ ಬೆರೆಸಿದ್ದು. ಒಂದೇ ಅಳತೆಯ ನೀರು. ಕೆಂಪು ಮಣ್ಣಿನ ಪೈರು ಮಧ್ಯಾಹ್ನದ ಹೊತ್ತಿಗೆ ತಲೆ ಬಾಗುತ್ತಿತ್ತು. ಬರೀ ಗೋಡು ಒಣಗಿದಾಗ ಕಲ್ಲಾಗಿ ಬಿರಿದು ಬೇರನ್ನು ಹಿಂಡಿಬಿಟ್ಟಿತು. ಬೆರೆಸಿದ ಕುಂಡದ ರಾಗಿ ದಟ್ಟ ಹಸಿರಾಗಿ ಎದ್ದು ಒಳ್ಳೆ ತೆನೆ ಬಿಟ್ಟಿತು. ತಾತ ಮೊದಲೇ ಹೇಳಿದ್ದರು, ಗೋಡು ಸಾರಿಗೆ ಹಾಕುವ ಉಪ್ಪಿನ ಹಾಗೆ ಎಂದು.

ಇನ್ನು ಯಾಕೆ ನಿಂತಿತು ಎಂಬ ಪ್ರಶ್ನೆ. ಅದಕ್ಕೆ ಮನೆಮನೆ ತಿರುಗಿದೆವು. ನಿಜವಾದ ಕಲಿಕೆ ಆದದ್ದು ಅಲ್ಲೇ. ಬೋರ್‌ವೆಲ್ ಬಂದ ಮೇಲೆ ಕೆರೆ ನೋಡುವವರಿಲ್ಲ ಎಂದರು ಒಬ್ಬರು. ಎತ್ತು ಮಾರಿ ಸೀಮೆಹಸು ಕಟ್ಟಿದ ಮೇಲೆ ಗಾಡಿಯೆಲ್ಲಿ ಎಂದರು ಇನ್ನೊಬ್ಬರು. ಮೂಟೆ ಗೊಬ್ಬರ ಸುಲಭ, ಟೊಮೆಟೊ ಮೂರು ತಿಂಗಳಲ್ಲಿ ದುಡ್ಡು. ಕೆರೆ ಇಲಾಖೆಯದು, ಮಣ್ಣು ಮುಟ್ಟಿದರೆ ಕೇಸು ಹಾಕುತ್ತಾರೇನೋ ಎಂಬ ಭಯ ಕೆಲವರಿಗೆ. ನೀರು ಬರುವ ದಾರಿಯಲ್ಲೆಲ್ಲ ನೀಲಗಿರಿ ತೋಪು ಎದ್ದಿತ್ತು. ಹಿಂದೆ ನೀರು ಕಡಿಮೆಯಾದ ವರ್ಷ ದಾಮಾಷ ಅಂತ ಮಾಡುತ್ತಿದ್ದರಂತೆ: ತೂಬಿಗೆ ಹತ್ತಿರದ ಗದ್ದೆಗಳಲ್ಲಿ ಮಾತ್ರ ಬೆಳೆ, ಆದರೆ ಆ ಗದ್ದೆಗಳನ್ನು ಆ ವರ್ಷದ ಮಟ್ಟಿಗೆ ಅಚ್ಚುಕಟ್ಟಿನವರೆಲ್ಲ ಹಿಡುವಳಿಯ ಪ್ರಕಾರ ಹಂಚಿಕೊಳ್ಳುವುದು. ಇದ್ದದ್ದರಲ್ಲಿ ಎಲ್ಲರಿಗೂ ಒಂದೊಂದು ತುತ್ತು. ಬೋರ್‌ವೆಲ್ ಬಂದ ಮೇಲೆ ಯಾರ ನೀರು ಅವರದು. ಸಾವಿರ ಅಡಿ ಕೊರೆದರೂ ಧೂಳು ಬಂದವರ ಮನೆಯಲ್ಲಿ ಕೂತು ಬರೆದುಕೊಂಡಾಗ, ಒಟ್ಟಿಗೆ ಮಾತಾಡಿಕೊಂಡು ಹಂಚಿಕೊಳ್ಳುವ ಅಭ್ಯಾಸ ಹೋದದ್ದೇ ದೊಡ್ಡ ನಷ್ಟ ಎಂದು ನನಗನಿಸಿತು. ಹೂಳನ್ನು ಜೆಸಿಬಿ ತೆಗೆಯಬಹುದು. ಆ ಅಭ್ಯಾಸವನ್ನು ಯಾವ ಯಂತ್ರ ತಂದುಕೊಡುತ್ತದೆ?

ಜಿಲ್ಲಾ ಸಮಾವೇಶಕ್ಕೆ ಮುಂಚೆ ಶಾಲೆಯಲ್ಲೇ ಒಮ್ಮೆ ಮಂಡಿಸಿದೆವು. ಮೇಷ್ಟ್ರು ನೀರುಗಂಟಿ ತಾತನನ್ನು ಕರೆಸಿದ್ದರು. ತಾತ ಬಾಗಿಲ ಹೊರಗೇ, ಚಪ್ಪಲಿ ಬಿಡುವಲ್ಲಿ ನಿಂತರು. ಒಳಗೆ ಊರಿನ ಕೆಲವು ಹಿರಿಯರೂ ಇದ್ದರು. ಹೆಡ್‌ಮಾಸ್ಟರು ಎದ್ದುಹೋಗಿ ಕೈ ಹಿಡಿದು ಕರೆತಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ಒಬ್ಬಿಬ್ಬರು ಗೊಣಗಿದ್ದೂ ನಿಜ, ಒಬ್ಬರು ಎದ್ದುಹೋದದ್ದೂ ನಿಜ. ಮಿಕ್ಕವರು ಕೂತರು. ನಮ್ಮ ಗೆಳತಿ ವರದಿಯ ಮಾಹಿತಿದಾರರ ಪುಟ ಓದಿದಳು. ಪುಸ್ತಕಗಳ ಹೆಸರಿಗಿಂತ ಮೇಲೆ ತಾತನ ಪೂರ್ತಿ ಹೆಸರು, ಅದರ ಮುಂದೆ 'ಕೆರೆ ತಜ್ಞರು'. ತಾತ ಮಧ್ಯದಲ್ಲೇ ಕೈಯೆತ್ತಿ, ಎರಡನೇ ಚಿತ್ರದಲ್ಲಿ ಕೋಡಿ ಎಡಕ್ಕೆ ಬರಬೇಕು ಎಂದು ತಿದ್ದಿಸಿದರು. ಅವರ ಗಮನವೆಲ್ಲ ಚಿತ್ರದ ಮೇಲೇ ಇತ್ತು.

ಜಿಲ್ಲೆಯಲ್ಲಿ ನಾವು ಆಯ್ಕೆಯಾಗಲಿಲ್ಲ. ತೀರ್ಪುಗಾರರೊಬ್ಬರು, ಇದರಲ್ಲಿ ಹಳೆಯವರ ಮಾತೇ ಹೆಚ್ಚು ಅಂದರು. ಇನ್ನೊಬ್ಬರು ಕುಂಡಗಳ ಲೆಕ್ಕ ಕೇಳಿ, ಪ್ರತಿ ಬಗೆಗೂ ಇನ್ನಷ್ಟು ಕುಂಡ ಇಡಬೇಕಿತ್ತು ಎಂದು ತಿಳಿಸಿ ಹೇಳಿದರು. ಆ ಮಾತು ನನಗೆ ಮುಂದೆ ಕಾಲೇಜಿನಲ್ಲೂ ಉಪಯೋಗಕ್ಕೆ ಬಂತು. ಮೊದಲನೆಯವರ ಮಾತನ್ನು ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ಹೇಳಿದ್ದನ್ನು ಪರೀಕ್ಷಿಸಿ ನೋಡಿದ ಮೇಲೆ ಅದು ಬರೀ ಮಾತಾಗಿ ಉಳಿಯುವುದಿಲ್ಲವಲ್ಲ.

ಅದಾದ ಬೇಸಿಗೆಯಲ್ಲಿ, ಹಿಂದಿನ ಬೆಂಚಿನ ಹುಡುಗನ ಅಪ್ಪ ಮೊದಲು ಪಂಚಾಯಿತಿಯವರನ್ನು ಕೇಳಿ ಒಪ್ಪಿಗೆ ಪಡೆದರು. ಟ್ರ್ಯಾಕ್ಟರ್ ಬಾಡಿಗೆಯನ್ನು ನಾಲ್ಕೈದು ಮನೆಯವರು ಹಂಚಿಕೊಂಡರು. ಎಲ್ಲಿ ಅಗೆಯಬೇಕೆಂದು ತಿಳಿಯಲು ನಮ್ಮ ವರದಿಯ ನಕ್ಷೆ ಕೇಳಿ ತೆಗೆದುಕೊಂಡು ಹೋದರು. ಏರಿಯ ಬುಡದಿಂದ ಇಷ್ಟು ದೂರ ಎಂದು ತಾತ ಹೆಜ್ಜೆ ಹಾಕಿ ತೋರಿಸಿದ ಕಡೆ ನಾವು ಸುಣ್ಣದ ಗೆರೆ ಎಳೆದು ಗೂಟ ಹೊಡೆದೆವು. ಟ್ರ್ಯಾಕ್ಟರ್ ಹುಡುಗ ಹೊರಗಿನವನು; ಏರಿ ಪಕ್ಕದ ಮಣ್ಣು ಮೆತ್ತಗಿದೆ, ಬೇಗ ತುಂಬುತ್ತದೆ ಎಂದು ಗೆರೆ ದಾಟಿ ಬಂದ. ತಾತ ಟ್ರೇಲರಿನ ಮುಂದೆ ಹೋಗಿ ನಿಂತರು. ಅವನು ವಾದಕ್ಕೆ ಇಳಿದ. ಆಗ ಅಲ್ಲಿದ್ದವರ ನಡುವಿನಿಂದ, ಶಾಲೆಯಲ್ಲಿ ಅವತ್ತು ಎದ್ದುಹೋಗಿದ್ದ ಹಿರಿಯರೇ ಗದರಿದರು: "ಏಯ್, ಗಾಡಿ ಹಿಂದಕ್ಕೆ ತಗೋ. ನೀರುಗಂಟಿ ಹೇಳಿದ ಕಡೆ ಅಗಿ."