ನಲವತ್ತೈದು ಗಂಟೆ

ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರಿಸುವ, ಮನೆ ಕೊಡಿಸುವ ಲೈಸೆನ್ಸಿಗೆ ನಾಲ್ಕೇ ವರ್ಷದ ಆಯಸ್ಸು. ಆ ನಾಲ್ಕು ವರ್ಷದೊಳಗೆ 45 ಗಂಟೆ ಪಾಠ ಕಲಿತು, ಪರೀಕ್ಷೆ ಬರೆದು, ಶುಲ್ಕ ಕಟ್ಟಿದರೆ ಮತ್ತೆ ನಾಲ್ಕು ವರ್ಷ ಸಿಗುತ್ತದೆ. ಅವಧಿ ಮುಗಿಯಿತೋ, ಮಾರನೆಯ ದಿನದಿಂದ ಗಿರಾಕಿಯ ಪರವಾಗಿ ಒಂದು ಕಾಗದಕ್ಕೂ ಕೈ ಹಚ್ಚುವಂತಿಲ್ಲ. ಎರಡು ವರ್ಷದೊಳಗೆ ಹೆಚ್ಚಿನ ಶುಲ್ಕ ಕಟ್ಟಿ ಊರ್ಜಿತ ಮಾಡಿಕೊಳ್ಳದಿದ್ದರೆ ರಾಜ್ಯದ ಪರೀಕ್ಷೆಗೆ ಮೊದಲಿನಿಂದ ಕೂರಬೇಕು. 1990ರ ದಶಕದ ನಡುವೆ ನಾನು ಫ್ರೀಮಾಂಟಿನಲ್ಲಿ ಈ ಕೆಲಸಕ್ಕೆ ಇಳಿದಾಗ ಇದೇ 45 ಗಂಟೆ ಇತ್ತು, ಇವತ್ತೂ ಇದೆ. ಆದರೆ ಆ ಗಂಟೆಗಳು ಕಳೆಯುವ ರೀತಿ ನನ್ನ ಕಣ್ಣೆದುರೇ ಬದಲಾಯಿತು.

ಆಗ ಪಾಠವೆಂದರೆ ಶನಿವಾರ. ಯಾವುದೋ ಹೋಟೆಲಿನ ಸಭಾಕೊಠಡಿ, ಇಲ್ಲವೇ ರಿಯಲ್ಟರ್‌ಗಳ ಸಂಘದ ಹಾಲ್. ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಸಹಿ ಹಾಕಬೇಕು. ಶೇಕಡಾ 90ರಷ್ಟು ಹೊತ್ತು ಕೂತಿರದಿದ್ದರೆ ಹಾಜರಿ ಸಿಗದು. ಸೊಂಟದಲ್ಲಿ ಪೇಜರ್ ಗುಯ್‌ಗುಟ್ಟಿದರೆ ಬಿಡುವಿನಲ್ಲಿ ಸಾಲು ನಿಂತು ಪೇ ಫೋನಿನಿಂದ ಗಿರಾಕಿಗೆ ಉತ್ತರ ಕೊಡುತ್ತಿದ್ದೆವು. ಮಾರಾಟಕ್ಕಿರುವ ಮನೆಗಳ ಅಚ್ಚಾದ ಪುಸ್ತಕಗಳು ಕಂಪ್ಯೂಟರಿಗೆ ಜಾಗ ಬಿಟ್ಟುಕೊಡುತ್ತಿದ್ದ ಕಾಲ ಅದು. ಆ ಕೊಠಡಿಯಲ್ಲಿ ಕೂರುತ್ತಿದ್ದವರನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ. ಯೂನಿಯನ್ ಸಿಟಿಯ ಫಿಲಿಪಿನೋ ಅಕ್ಕತಂಗಿಯರು, ತೈವಾನಿನಿಂದ ಬಂದು ಕ್ಯುಪರ್ಟಿನೋದಲ್ಲಿ ನೆಲೆಸಿದವರು, ತಲೆಮಾರುಗಳಿಂದ ಇಲ್ಲೇ ಇರುವ ಪೋರ್ಚುಗೀಸ್ ಮನೆತನದ ಹಿರಿಯರು, ಫ್ರೀಮಾಂಟಿನ ಸರದಾರ್‌ಜಿಗಳು, ಓಕ್ಲೆಂಡಿನ ಕಪ್ಪು ಹೆಂಗಸರು. ಊಟದ ಹೊತ್ತಿಗೆ ಒಬ್ಬೊಬ್ಬರೂ ತಮ್ಮ ತಮ್ಮ ಕೇಸು ಬಿಚ್ಚಿಡುತ್ತಿದ್ದರು: ವ್ಯವಹಾರ ಮುಗಿಯುವ ತನಕ ಮೂರನೆಯವರ ಬಳಿ ಇಡುವ ಎಸ್ಕ್ರೋದಲ್ಲಿ ಸಿಕ್ಕಿಕೊಂಡ ದುಡ್ಡು, ಮಾರುವವರು ಮುಚ್ಚಿಟ್ಟ ಸೋರುವ ಛಾವಣಿ, ಪರ್ಮಿಟ್ ಇಲ್ಲದೆ ಕಟ್ಟಿದ ಹಿಂಬದಿ ಕೋಣೆ. ಪುಸ್ತಕದಲ್ಲಿ ಇಲ್ಲದ ಅರ್ಧ ವಿದ್ಯೆ ಅಲ್ಲಿ ಸಿಗುತ್ತಿತ್ತು.

ಪಾಠ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ವಯಸ್ಸಾದ ಬ್ರೋಕರುಗಳು. ಅವರಲ್ಲೊಬ್ಬರು ಈಸ್ಟನ್ ಮತ್ತು ಸ್ಟ್ರಾಸ್‌ಬರ್ಗರ್ ಮೊಕದ್ದಮೆಯನ್ನು ಹರಿಕಥೆಯವರ ಹಾಗೆ ಹೇಳುತ್ತಿದ್ದರು. ನಮ್ಮ ಕೊಲ್ಲಿ ಪ್ರದೇಶದ್ದೇ ಡಯಾಬ್ಲೊ ಎಂಬ ಊರಿನಲ್ಲಿ 1976ರಲ್ಲಿ 1,70,000 ಡಾಲರಿಗೆ ಮಾರಾಟವಾದ ಮನೆ. ಸರಿಯಾಗಿ ಗಟ್ಟಿ ಮಾಡದೆ ಮಣ್ಣು ತುಂಬಿದ ಜಾಗದ ಮೇಲೆ ಕಟ್ಟಿದ್ದು. ಕೊಂಡ ಸ್ವಲ್ಪ ಕಾಲಕ್ಕೆ ಗುಡ್ಡ ಜರಿಯಿತು. ಮನೆಯ ಬೆಲೆ 20,000 ಡಾಲರಿಗೆ ಇಳಿದರೂ ಇಳಿಯಬಹುದು ಎಂಬ ಅಂದಾಜು ಬಂತು. ಮಣ್ಣು ಜರಿಯದಿರಲೆಂದು ಇಳಿಜಾರಿಗೆ ಹಾಸಿದ್ದ ಬಲೆಯನ್ನು ಏಜೆಂಟರು ಮೊದಲೇ ಕಂಡಿದ್ದರು, ಒಂದು ಕಡೆ ನೆಲ ಮಟ್ಟವಾಗಿಲ್ಲದ್ದೂ ಕಣ್ಣಿಗೆ ಬಿದ್ದಿತ್ತು. ಆದರೂ ವಿಚಾರಿಸಲಿಲ್ಲ. 1984ರಲ್ಲಿ ನ್ಯಾಯಾಲಯ ಖಚಿತವಾಗಿ ಹೇಳಿತು: ಕೊಳ್ಳುವವರು ನಿಮ್ಮ ಗಿರಾಕಿ ಅಲ್ಲದಿದ್ದರೂ ಸರಿ, ಮನೆಯನ್ನು ಕಣ್ಣಿಟ್ಟು ನೋಡಿ, ಕಂಡದ್ದನ್ನು ತಿಳಿಸುವುದು ಏಜೆಂಟರ ಹೊಣೆ. ಆ ಮೇಷ್ಟ್ರು ಇಷ್ಟು ಹೇಳಿ ನಿಲ್ಲಿಸಿ, ‘ಕಳೆದ ವಾರ ನೀವು ನೋಡಿದ ಮನೆಯಲ್ಲಿ ಬಲೆ ಎಲ್ಲಿತ್ತು?’ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತಿದ್ದರು. ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. 1987ರಿಂದ ಮಾರುವವರು ತುಂಬಿಕೊಡಬೇಕಾಗಿರುವ ಡಿಸ್‌ಕ್ಲೋಷರ್ ಫಾರಂ ಅದೇ ಕಾಲದ ಕೂಸು. ಇವತ್ತಿಗೂ ಯಾವ ಮನೆಗೆ ಹೋದರೂ ನನ್ನ ಕಣ್ಣು ಮೊದಲು ನೆಲಕ್ಕೆ ಹೋಗುತ್ತದೆ, ಆಮೇಲೆ ಹಿತ್ತಲಿನ ಇಳಿಜಾರಿಗೆ.

ನನ್ನ ಮನಸ್ಸಿನಲ್ಲಿ ಉಳಿದ ಇನ್ನೊಂದು ಮಧ್ಯಾಹ್ನ ಫೇರ್ ಹೌಸಿಂಗ್ ಪಾಠದ್ದು. ಮೇಷ್ಟ್ರು ಒಂದು ಹಳೆಯ ಕ್ರಯಪತ್ರದ ಜೆರಾಕ್ಸ್ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿದರು. ಬಿಳಿಯರಲ್ಲದವರು ಮನೆಗೆಲಸದವರಾಗಿ ಅಲ್ಲದೆ ಈ ಜಾಗದಲ್ಲಿ ವಾಸ ಮಾಡಕೂಡದು ಎಂಬ ಷರತ್ತು ಅದರಲ್ಲಿತ್ತು. ಓಕ್ಲೆಂಡಿನಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ಅದನ್ನು ಗಟ್ಟಿಯಾಗಿ ಓದಿದರು. ಓದಿ, ತಮ್ಮ ತಾಯಿ ಅಂಥ ಬೀದಿಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು ಎಂದಷ್ಟೇ ಹೇಳಿ ಕೂತರು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ದೇಶದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಭೇದ ಮಾಡುವುದನ್ನೇ ನಿಷೇಧಿಸಿದ ಫೆಡರಲ್ ಕಾನೂನು ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದೇ ವಾರದಲ್ಲಿ. ಈ ಎರಡರ ನಡುವೆ, 1964ರಲ್ಲಿ, ಕ್ಯಾಲಿಫೋರ್ನಿಯಾದ ಮತದಾರರು ಇಂಥ ಕಾನೂನನ್ನೇ ತಡೆಯುವ ತಿದ್ದುಪಡಿಗೆ ಬಹುಮತ ಕೊಟ್ಟಿದ್ದರು. ಆಗ ಅದರ ಬೆನ್ನಿಗೆ ನಿಂತು ಪ್ರಚಾರ ಮಾಡಿದ್ದು ನಮ್ಮದೇ ವೃತ್ತಿಯ ರಾಜ್ಯ ಸಂಘ. ಆ ಮಾತನ್ನೂ ಮೇಷ್ಟ್ರು ಮುಚ್ಚಿಡಲಿಲ್ಲ.

ಭಾರತೀಯರ ಪಾಡೂ ಬೇರೆಯಾಗಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆ ಪಾಠದ ಎಳೆ ಹಿಡಿದು ಓದುತ್ತಾ ಹೋದಾಗ. ವೈಷ್ಣೋ ದಾಸ್ ಬಗಾಯಿ ಮತ್ತು ಕಲಾ ಬಗಾಯಿ 1915ರಲ್ಲಿ ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದವರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ತುಂಬಿಕೊಂಡು ಹೋದರೆ ನೆರೆಯವರು ಬಾಗಿಲಿಗೆ ಬೀಗ ಹಾಕಿದ್ದರು. ಭಾರತೀಯರು ಅಮೆರಿಕದ ಪೌರರಾಗುವಂತಿಲ್ಲ ಎಂದ 1923ರ ಭಗತ್ ಸಿಂಗ್ ಥಿಂಡ್ ತೀರ್ಪಿನ ನಂತರ ವೈಷ್ಣೋ ದಾಸರ ಪೌರತ್ವವನ್ನು ಕಸಿದರು. ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಹೊಂದದಂತೆ ತಡೆದ 1913ರ ಏಲಿಯನ್ ಲ್ಯಾಂಡ್ ಕಾನೂನಿನಿಂದಾಗಿ ಆಸ್ತಿಯೂ ಕೈಬಿಟ್ಟಿತು. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಈಗ ಬರ್ಕ್ಲಿಯಲ್ಲಿ ಕಲಾ ಬಗಾಯಿಯವರ ಹೆಸರಿನ ಬೀದಿ ಇದೆ. ಇಲ್ಲಿ ಮೊದಲ ಮನೆ ಕೊಳ್ಳುವ ಕನ್ನಡದ ಹುಡುಗ ಹುಡುಗಿಯರಿಗೆ, ಅವರು ಕೇಳಲಿ ಬಿಡಲಿ, ಈ ಕಥೆಯನ್ನು ನಾನು ಹೇಳಿಯೇ ಹೇಳುತ್ತೇನೆ.

ಹೇಳಲು ಕಾರಣವಿದೆ. ಯುಗಾದಿಯ ಊಟದ ಸಾಲಿನಲ್ಲಿ ಪರಿಚಯವಾದ ಜೋಡಿ ಕಾರು ಹತ್ತಿದ ಕೂಡಲೇ ಕೇಳುವ ಪ್ರಶ್ನೆ: ‘ಆಂಟಿ, ಈ ಏರಿಯಾದಲ್ಲಿ ನಮ್ಮೋರು ಜಾಸ್ತಿ ಇದಾರಾ? ಯಾವ ಥರದ ಜನ?’ ಕೇಳುವವರಲ್ಲಿ ಕೆಟ್ಟ ಬುದ್ಧಿ ಇಲ್ಲ. ಅಮ್ಮ ಬಂದಾಗ ಮಾತಾಡಲು ಜನ ಬೇಕು, ಮಗುವಿಗೆ ಜೊತೆ ಬೇಕು. ಆದರೆ ಏಜೆಂಟರಾದವರು ಜನಾಂಗ, ಧರ್ಮ, ಮೂಲ ನೋಡಿ ಗಿರಾಕಿಯನ್ನು ಒಂದು ಬೀದಿಯತ್ತ ತಿರುಗಿಸುವುದೂ ಇನ್ನೊಂದು ಬೀದಿಯಿಂದ ತಪ್ಪಿಸುವುದೂ ಕಾನೂನಿಗೆ ವಿರುದ್ಧ. ‘ಪೂರ್ವದ ಬಾಗಿಲು ಬೇಕು ಅನ್ನಿ, ಹುಡುಕ್ತೀನಿ. ದೇವಸ್ಥಾನ ಎಷ್ಟು ದೂರ ಅಂತ ಕೇಳಿ, ಹೇಳ್ತೀನಿ. ಪಕ್ಕದ ಮನೆಯೋರು ಯಾರು ಅನ್ನೋದು ಮಾತ್ರ ನನ್ನ ಬಾಯಿಂದ ಬರೋ ಹಾಗಿಲ್ಲ, ನೀವೇ ಒಂದು ಸಂಜೆ ಅಲ್ಲಿ ಓಡಾಡಿ ನೋಡಿ’ ಎನ್ನುತ್ತೇನೆ. ಕೆಲವರಿಗೆ ಮುಖ ಸಣ್ಣದಾಗುತ್ತದೆ. ‘ನಮ್ಮೋರಾಗಿ ನೀವೇ ಹೀಗಂದ್ರೆ?’ ಎಂದವರೂ ಉಂಟು. ಬಗಾಯಿ ದಂಪತಿಯ ಕಥೆ ಅಲ್ಲಿ ಕೆಲಸಕ್ಕೆ ಬರುತ್ತದೆ. ಹೀಗೆ ಉತ್ತರಿಸುವ ಧೈರ್ಯವನ್ನು ನನಗೆ ಕೊಟ್ಟದ್ದು ಆ ಶನಿವಾರಗಳು.

2000ದ ನಂತರ ಪಾಠ ಮೆಲ್ಲಗೆ ಕಂಪ್ಯೂಟರಿಗೆ ಸರಿಯಿತು. ಮೊದಲು ಅಂಚೆಯಲ್ಲಿ ಪುಸ್ತಕ ತರಿಸಿ ಓದುವವರಿದ್ದರು. ಅವರೇ ಮೊದಲು ಇಂಟರ್‌ನೆಟ್ಟಿಗೆ ಹೋದರು, ಉಳಿದವರು ಹಿಂಬಾಲಿಸಿದರು. ಮನೆಗಳ ಬೆಲೆ ತಿಂಗಳು ತಿಂಗಳೂ ಏರುತ್ತಿದ್ದ ಕಾಲ, ಶನಿವಾರವೆಂದರೆ ಓಪನ್ ಹೌಸಿನ ದಿನ, ಕೊಠಡಿಯಲ್ಲಿ ಕೂರಲು ಯಾರಿಗೆ ಪುರಸೊತ್ತು? ಲೈಸೆನ್ಸುದಾರರ ಸಂಖ್ಯೆ ರಾಜ್ಯದಲ್ಲಿ ಐದು ಲಕ್ಷ ದಾಟಿತು. ಆಗೆಲ್ಲ ಹೊಸಬರಿಗೆ ಮೂರು ವಿಷಯಗಳಲ್ಲಿ ಒಂದನ್ನೇ ಓದಿ ಪರೀಕ್ಷೆ ಬರೆದು, ಉಳಿದ ಎರಡನ್ನು ಹದಿನೆಂಟು ತಿಂಗಳೊಳಗೆ ಮುಗಿಸುವ ಷರತ್ತಿನ ಲೈಸೆನ್ಸ್ ಸಿಗುತ್ತಿತ್ತು. 2007ರ ಅಕ್ಟೋಬರಿನಿಂದ ಮೂರೂ ವಿಷಯ ಮುಗಿಸಿದವರಿಗೆ ಮಾತ್ರ ಪರೀಕ್ಷೆ ಎಂದಾಯಿತು. ಅದೇ ವರ್ಷ ನವೀಕರಣದ ಪಾಠಕ್ಕೆ ರಿಸ್ಕ್ ಮ್ಯಾನೇಜ್‌ಮೆಂಟ್ ಸೇರಿತು. ಅಷ್ಟು ಹೊತ್ತಿಗೆ ಅಪಾಯ ಮನೆಬಾಗಿಲಿಗೇ ಬಂದು ನಿಂತಿತ್ತು. ಮುಂದಿನ ಎರಡು ಮೂರು ವರ್ಷ ನಾನು ಕಂಡ ಕಣ್ಣೀರು ಬರೆದು ಮುಗಿಯುವುದಿಲ್ಲ. ಸಾಲದ ಕಂತು ಇದ್ದಕ್ಕಿದ್ದಂತೆ ಏರಿ ಮನೆ ಬಿಟ್ಟವರು, ‘ಸಾಲ ತಿದ್ದಿಸಿಕೊಡ್ತೀವಿ’ ಎಂದವರಿಗೆ ಮುಂಗಡ ಕೊಟ್ಟು ಅದನ್ನೂ ಕಳೆದುಕೊಂಡವರು. 2009ರಲ್ಲಿ ಅಂಥ ಮುಂಗಡ ವಸೂಲಿಗೆ ರಾಜ್ಯ ತಡೆ ಹಾಕಿತು. 2011ರಿಂದ ಸಾಲದ ಕೆಲಸ ಮಾಡುವ ಏಜೆಂಟರಿಗೆ ಪ್ರತ್ಯೇಕ ಅನುಮತಿ, ವರ್ಷಕ್ಕೆ 8 ಗಂಟೆ ಪ್ರತ್ಯೇಕ ಪಾಠ ಕಡ್ಡಾಯವಾಯಿತು. ಒಂದೇ ಕೈ ಮನೆಯನ್ನೂ ಸಾಲವನ್ನೂ ಸಲೀಸಾಗಿ ಕೊಡಿಸುತ್ತಿದ್ದ ಪದ್ಧತಿಗೆ ಅಲ್ಲಿಗೆ ಕಡಿವಾಣ ಬಿತ್ತು. ಬೇಕಾಗಿತ್ತು ಎಂದೇ ನನ್ನ ಅಭಿಪ್ರಾಯ.

ಕಂಪ್ಯೂಟರ್ ಪಾಠದಿಂದ ಅನುಕೂಲವಾದದ್ದು ನಿಜ. ಎಳೆ ಮಗುವಿನ ತಾಯಿ, ಊರಾಚೆ ಇರುವವರು, ಎರಡು ಕೆಲಸ ಮಾಡುವವರು ರಾತ್ರಿ ಹನ್ನೊಂದಕ್ಕೆ ಕೂತು ಓದಬಹುದು. ಆದರೆ ಓದುತ್ತಾರೆಯೇ? ದಿನಕ್ಕೆ 15 ಗಂಟೆಯ ಪಾಠಕ್ಕಿಂತ ಹೆಚ್ಚಿನದಕ್ಕೆ ಪರೀಕ್ಷೆ ಬರೆಯುವಂತಿಲ್ಲ ಎಂಬ ಮಿತಿ ಹಾಕಿದ್ದಾರೆ. ಮಿತಿ ಹಾಕಬೇಕಾಯಿತು ಎಂದರೇ ಗೊತ್ತಾಗುತ್ತದೆ, 45 ಗಂಟೆಯನ್ನು ಒಂದೇ ಕೂರುವಿಕೆಯಲ್ಲಿ ನುಂಗಲು ಹೊರಟವರಿದ್ದರು ಎಂದು. ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆದು, ನೂರಕ್ಕೆ 70 ಬಂದರೆ ಸಾಕು. ನನ್ನ ಕಚೇರಿಗೆ ಹೊಸದಾಗಿ ಬಂದ ಹುಡುಗನೊಬ್ಬ ಮೂರು ದಿನದಲ್ಲಿ ಎಲ್ಲ ಮುಗಿಸಿ ಸರ್ಟಿಫಿಕೇಟ್ ತೋರಿಸಿದ. ಈಸ್ಟನ್ ಕೇಸಿನ ಮನೆ ಯಾವ ಊರಿನದು ಎಂದು ಕೇಳಿದೆ, ಕೇಸಿನ ಹೆಸರೇ ನೆನಪಿರಲಿಲ್ಲ. ಹುಡುಗ ಬುದ್ಧಿವಂತ, ಕೆಲಸದಲ್ಲಿ ಪ್ರಾಮಾಣಿಕ. ಅವನನ್ನು ಹೆಸರು ಹಿಡಿದು ಕೂಗಿ ‘ಬಲೆ ಎಲ್ಲಿತ್ತು?’ ಎಂದು ಕೇಳುವವರು ಯಾರೂ ಇರಲಿಲ್ಲ, ಅಷ್ಟೆ.

ಮೈಸೂರಿನಲ್ಲಿ ಸೈಟು, ಮನೆ ವ್ಯವಹಾರ ಮಾಡುವ ನನ್ನ ಅಣ್ಣನ ಮಗ ಇದನ್ನೆಲ್ಲ ಕೇಳಿ, ‘ಅತ್ತೆ, ಪಾಸಾದ ಮೇಲೂ ಪರೀಕ್ಷೆ ಬರೀತಾನೇ ಇರ್ಬೇಕಾ?’ ಎಂದು ಬೆರಗಾದ. ಭಾರತದಲ್ಲಿ 2016ರ ರೇರಾ ಕಾನೂನಿನ ಪ್ರಕಾರ ನೋಂದಾಯಿತ ಯೋಜನೆಗಳಲ್ಲಿ ವ್ಯವಹರಿಸುವ ಏಜೆಂಟರೂ ನೋಂದಾಯಿಸಿಕೊಳ್ಳಬೇಕು. ಮಹಾರಾಷ್ಟ್ರ ಒಂದು ಹೆಜ್ಜೆ ಮುಂದೆ ಹೋಗಿ 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ ಎರಡನ್ನೂ ಕಡ್ಡಾಯ ಮಾಡಿದೆ. ನಮ್ಮ ಕಡೆಯೂ ಬರಲಿ ಎಂದು ನನ್ನ ಆಸೆ. ಬಂದರೆ ಕೊಠಡಿಯಲ್ಲೇ ಬರಲಿ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಾಠಕ್ಕೆ ಮತ್ತೆ ಜೀವ ಬಂದದ್ದು 2023ರಲ್ಲಿ. ಅದಕ್ಕೂ ಮುಂಚೆ, 2019ರಲ್ಲಿ, ನ್ಯೂಯಾರ್ಕಿನ ಲಾಂಗ್ ಐಲೆಂಡಿನ ನ್ಯೂಸ್‌ಡೇ ಪತ್ರಿಕೆ ಮೂರು ವರ್ಷದ ತನಿಖೆಯೊಂದನ್ನು ಪ್ರಕಟಿಸಿತ್ತು. ಒಂದೇ ಬಗೆಯ ಆದಾಯ ಹೇಳಿಕೊಳ್ಳುವ, ಬೇರೆ ಬೇರೆ ಜನಾಂಗದ ಇಬ್ಬಿಬ್ಬರನ್ನು ಗುಪ್ತ ಕ್ಯಾಮೆರಾ ಸಮೇತ ಅದೇ ಏಜೆಂಟರ ಬಳಿಗೆ ಕಳಿಸಿ ನೋಡಿದ್ದರು. ಕಪ್ಪು ಜನರಿಗೆ ಶೇಕಡಾ 49ರಷ್ಟು, ಏಷ್ಯಾ ಮೂಲದವರಿಗೆ ಶೇಕಡಾ 19ರಷ್ಟು ಪರೀಕ್ಷೆಗಳಲ್ಲಿ ಭೇದ ಕಂಡಿತ್ತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ರಾಜ್ಯದ ಹೊಸ ಕಾನೂನು 2023ರ ಜನವರಿಯಿಂದ ಫೇರ್ ಹೌಸಿಂಗ್ ಪಾಠದಲ್ಲಿ ಪಾತ್ರಾಭಿನಯವನ್ನು ಕಡ್ಡಾಯ ಮಾಡಿತು: ಒಮ್ಮೆ ಗಿರಾಕಿಯಾಗಬೇಕು, ಒಮ್ಮೆ ಏಜೆಂಟರಾಗಬೇಕು. ನಮಗೇ ಅರಿವಿಲ್ಲದ ಪೂರ್ವಗ್ರಹಗಳ ಬಗ್ಗೆ ಎರಡು ಗಂಟೆಯ ಪಾಠವೂ ಸೇರಿತು.

ನಾನು ಹಟ ಹಿಡಿದು ಹಾಲ್‌ನಲ್ಲಿ ನಡೆಯುವ ತರಗತಿಗೇ ಹೋದೆ. ಗಿರಾಕಿಯ ಪಾತ್ರದಲ್ಲಿ ನನ್ನನ್ನು ಕೂರಿಸಿ, ಎದುರಿಗಿದ್ದವರು ನಯವಾಗಿ ನಗುತ್ತಲೇ ‘ನಿಮಗೆ ಆ ಕಡೆ ಹೆಚ್ಚು ಹಿತವಾಗಬಹುದು’ ಎಂದಾಗ, ನಟನೆ ಎಂದು ಗೊತ್ತಿದ್ದರೂ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಆ ದಿನ ನಾನೊಂದು ವಿಷಯ ಎತ್ತಿದೆ. ಬಾಡಿಗೆಗೆ ಮನೆ ಕೊಡುವ ನಮ್ಮವರೇ ಕೆಲವರು ಮೆತ್ತಗೆ ‘ಯಾವ ಕಡೆಯೋರು? ಮನೆದೇವರು ಯಾವುದು?’ ಎನ್ನುತ್ತಾರಲ್ಲ, ಅದು ಯಾವ ಲೆಕ್ಕ? ಕೊಠಡಿಯಲ್ಲಿ ಬಹಳ ಜನಕ್ಕೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹಿಂದಿನ ಸಾಲಿನ ಇಬ್ಬರು ಭಾರತೀಯರಿಗೆ ಚೆನ್ನಾಗಿ ಅರ್ಥವಾಯಿತು. ಅದೇ ವರ್ಷ ಜಾತಿ ಭೇದವನ್ನು ಹೆಸರಿಸಿ ನಿಷೇಧಿಸುವ ಮಸೂದೆ ವಿಧಾನಮಂಡಲದಲ್ಲಿ ಪಾಸಾಗಿ ರಾಜ್ಯಪಾಲ ನ್ಯೂಸಮ್ ಅವರ ಮೇಜಿಗೆ ಹೋಯಿತು. ಈಗಿರುವ ಕಾನೂನುಗಳೇ ಇದನ್ನು ತಡೆಯುತ್ತವೆ ಎಂಬ ಕಾರಣ ಕೊಟ್ಟು ಅವರು ಅಕ್ಟೋಬರಿನಲ್ಲಿ ಅದನ್ನು ತಿರಸ್ಕರಿಸಿದರು. ಹೆಸರಿಸಿದ್ದರೆ ಪಾಠದ ಪುಸ್ತಕದಲ್ಲೂ ಅದಕ್ಕೊಂದು ಪುಟ ಸಿಗುತ್ತಿತ್ತು. ಸಿಗದೆ ಹೋದದ್ದರ ಬಗ್ಗೆ ನನಗೆ ಇಂದಿಗೂ ನೋವಿದೆ.

ಆಮೇಲಿನ ಬದಲಾವಣೆ ಇನ್ನೂ ಬಿಸಿಯಾಗಿದೆ. 2024ರ ಆಗಸ್ಟ್ 17ರಿಂದ ಕೊಳ್ಳುವವರು ಏಜೆಂಟರೊಂದಿಗೆ ಬರಹದ ಒಪ್ಪಂದ ಮಾಡಿಕೊಳ್ಳದೆ ಮನೆ ತೋರಿಸುವಂತಿಲ್ಲ. ನಮ್ಮ ರಾಷ್ಟ್ರೀಯ ಸಂಘ 418 ಮಿಲಿಯನ್ ಡಾಲರ್ ಕೊಟ್ಟು ಮೊಕದ್ದಮೆ ಬಗೆಹರಿಸಿಕೊಂಡಾಗ ಒಪ್ಪಿದ ನಿಯಮ ಅದು. ನನ್ನ ಕಮಿಷನ್ ಎಷ್ಟು, ಯಾರು ಕೊಡುತ್ತಾರೆ ಎಂದು ಮೊದಲೇ ಬಾಯಿಬಿಟ್ಟು ಹೇಳಬೇಕು. ಒಳ್ಳೆಯದೇ. ಆದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ಪಾಠಕ್ಕೆ ಕಾಯುತ್ತಾ ಕೂತರೆ ಇಂಥದ್ದು ತಲುಪುವುದು ಯಾವಾಗ? ಹಾಗಾಗಿ ನಾವು ಕೆಲವರು ಲೆಕ್ಕಕ್ಕೆ ಸೇರದ ಪಾಠಗಳಿಗೂ ಕೂಡುತ್ತೇವೆ.

ಎಪ್ಪತ್ತು ವರ್ಷ ದಾಟಿ, ಮೂವತ್ತು ವರ್ಷ ಎಡೆಬಿಡದೆ ಲೈಸೆನ್ಸ್ ಉಳಿಸಿಕೊಂಡವರಿಗೆ ಈ ರಾಜ್ಯದಲ್ಲಿ ಪಾಠದಿಂದ ವಿನಾಯಿತಿ ಇದೆ. ನನ್ನ ಹಿರಿಯ ಗೆಳತಿಯೊಬ್ಬರಿಗೆ ಅದು ಸಿಕ್ಕಿದೆ, ಆದರೂ ತಪ್ಪದೆ ಬರುತ್ತಾರೆ. ಕಳೆದ ಸಲ ಕೂಡಿದಾಗ ಮಾತು ಮನೆ ವಿಮೆಯತ್ತ ಹೊರಳಿತು. ಕಾಳ್ಗಿಚ್ಚಿನ ಭಯಕ್ಕೆ ಕಂಪನಿಗಳು ಹಿಂದೆ ಸರಿದು, ಗುಡ್ಡದ ಮನೆಗಳಿಗೆ ವಿಮೆ ಸಿಗುವುದೇ ಕಷ್ಟವಾಗಿದೆ. ತರಗತಿ ನಡೆಸುತ್ತಿದ್ದವರಿಗೆ ಫಾರಂಗಳು ಗೊತ್ತಿದ್ದವು, ಬೆಂಕಿ ಕಂಡಿರಲಿಲ್ಲ. ಗೆಳತಿ 1991ರ ಅಕ್ಟೋಬರಿನ ಓಕ್ಲೆಂಡ್ ಗುಡ್ಡದ ಬೆಂಕಿಯ ಕಾಲಕ್ಕೆ ಅಲ್ಲೇ ಮನೆ ಮಾರಿಸುತ್ತಿದ್ದವರು. 25 ಜನ ಸತ್ತು, ಸಾವಿರಾರು ಮನೆ ಸುಟ್ಟ ಬೆಂಕಿ ಅದು. ಮತ್ತೆ ಕಟ್ಟಲು ತಗಲುವ ಖರ್ಚಿಗೂ ಪಾಲಿಸಿಯಲ್ಲಿ ಬರೆದ ಮೊತ್ತಕ್ಕೂ ಎಷ್ಟು ಅಂತರವಿತ್ತು, ಆ ಅಂತರ ಗೊತ್ತಾದ ದಿನ ಜನ ಹೇಗೆ ಕುಸಿದರು, ಇಂದು ಗಿರಾಕಿಗೆ ಆಫರ್ ಬರೆಯುವ ಮೊದಲು ಯಾವ ಮೂರು ಪ್ರಶ್ನೆ ಕೇಳಿಸಬೇಕು ಎಂದು ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಮೂರು ದಿನದಲ್ಲಿ ಸರ್ಟಿಫಿಕೇಟ್ ಮುಗಿಸಿದ್ದ ನಮ್ಮ ಹುಡುಗ ಎದ್ದು ನಿಂತು ನಾಲ್ಕನೆಯ ಪ್ರಶ್ನೆ ಕೇಳಿದ. ಕಾಫಿಯ ಬಿಡುವನ್ನು ಯಾರೂ ನೆನಪಿಸಲಿಲ್ಲ.