ಯಾರ ಸ್ವಭಾವಕ್ಕೆ ಯಾವ ಏಣಿ?

ನೆಟ್‌ವರ್ಕ್ ಮಾರ್ಕೆಟಿಂಗ್‌ನವರು ಕಮಿಷನ್ ಹಂಚುವುದಕ್ಕೂ ನಮ್ಮ ಸ್ವಭಾವಕ್ಕೂ ಗಂಟು ಹಾಕುತ್ತಾರೆ. ಮದುವೆಮನೆಯಲ್ಲಿ ನೂರು ಜನರ ಗುರುತು ಹಚ್ಚುವ ನನ್ನ ನಾದಿನಿಯಂಥವಳಿಗೆ 'ಯುನಿಲೆವೆಲ್'. ಎಷ್ಟು ಜನರನ್ನಾದರೂ ನೇರ ತನ್ನ ಕೆಳಗೇ ಸೇರಿಸಿಕೊಳ್ಳಬಹುದು. ಇಬ್ಬರನ್ನೇ ಹಿಡಿದು ಬೆಳೆಸುವವಳಿಗೆ 'ಬೈನರಿ'. ಎಡ, ಬಲ ಎರಡೇ ಕವಲು, ಹಣ ಮಾತ್ರ ಸಾಮಾನ್ಯವಾಗಿ ಸೊರಗಿದ ಕವಲಿನ ಲೆಕ್ಕದಲ್ಲಿ. ಸಂಕೋಚದವಳಿಗೆ 'ಮ್ಯಾಟ್ರಿಕ್ಸ್', ಮೇಲಿನವರು ತಂದ ಜನ ತನ್ನ ಕೆಳಗೂ ಬಂದು ಸೇರಿಯಾರೆಂಬ ಆಸೆ.

ಬಳೆ ಅಡವಿಟ್ಟು ಸೇರಲು ಹೊರಟ ನನ್ನ ವಾರಗಿತ್ತಿ, "ನನಗ್ಯಾವುದು ಹೊಂದುತ್ತೆ ಅಕ್ಕಾ?" ಎಂದಳು. ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದು ತೋರಿಸಿದೆ. ಒಬ್ಬೊಬ್ಬರೂ ಆರಾರು ಜನರನ್ನು ಸೇರಿಸುತ್ತ ಹೋದರೆ ಹತ್ತನೆಯ ಮೆಟ್ಟಿಲೊಂದಕ್ಕೇ 6,04,66,176 ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನ ಸುಮಾರು 6.11 ಕೋಟಿ, ತೊಟ್ಟಿಲ ಕೂಸೂ ಸೇರಿ! ಏಣಿ ಯಾವುದಾದರೇನು, ಕೊನೆಯ ಮೆಟ್ಟಿಲಿನವಳ ಕೆಳಗೆ ಯಾರೂ ಇರುವುದಿಲ್ಲ. ಜನರನ್ನು ಸೇರಿಸಿದ್ದಕ್ಕೇ ಲಾಭ ಕೊಡುವ ಪಿರಮಿಡ್ ಯೋಜನೆಯನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ ಎಂದೂ ಹೇಳಿದೆ.

ಅವಳಿಗೆ ಮಾತಿಗಿಂತ ಕೈ ಚುರುಕು. ಸೀರೆಗೆ ಫಾಲ್ ಹೊಲಿದರೆ ಕೂಲಿ ಅಂದೇ ಕೈಗೆ. ಆ ಸ್ವಭಾವಕ್ಕೆ ಅದೇ ಸರಿಯಾದ ಲೆಕ್ಕವಲ್ಲವೇ? ಬಳೆ ಅವಳ ಕೈಯಲ್ಲೇ ಉಳಿಯಿತು.