ರೋಮಿನ ಖಾನಾವಳಿಯಲ್ಲಿ ಒಂದು ಮೇಜು

ರೋಮ್ ನಗರಕ್ಕೆ ಹೋದವರೆಲ್ಲ ಕೊಲೊಸಿಯಮ್ ನೋಡಿ ಬರುತ್ತಾರೆ. ಅಲ್ಲಿನ ಹೆಸರಾದ ಖಾನಾವಳಿಯಲ್ಲಿ ಕುಳಿತು ಉಂಡು ಬರುವವರು ಕಡಮೆ. ಕಾರಣ, ಜಾಗ ಸಿಗುವುದಿಲ್ಲ. ‘ತ್ರತ್ತೊರಿಯಾ’ ಎಂದು ಕರೆಯುವ ಈ ಖಾನಾವಳಿಗಳು ತ್ರಸ್ತೆವೆರೆ, ತೆಸ್ತಾಚೊ ಮೊದಲಾದ ಕೇರಿಗಳಲ್ಲಿವೆ. ಮೇಜುಗಳು ಕೆಲವೇ. ಉಂಡವರು ಹರಟುತ್ತ ಕುಳಿತರೂ, ಕೇಳುವ ತನಕ ಬಿಲ್ಲು ತರುವ ವಾಡಿಕೆಯಿಲ್ಲ. ಮೊದಲೇ ಗೊತ್ತುಮಾಡದೆ ಹೋದವರು ಬಾಗಿಲಲ್ಲೇ ನಿಲ್ಲಬೇಕು.

ನಾವು ಐವರು, ಜೊತೆಗೆ ಎಪ್ಪತ್ತು ದಾಟಿದ, ಅಪ್ಪಟ ಶಾಕಾಹಾರಿಯಾದ ತಾಯಿಯವರು. ಅವರನ್ನು ಕೊಠಡಿಯಲ್ಲಿ ಬ್ರೆಡ್ಡು-ಹಣ್ಣಿಗೆ ಬಿಟ್ಟು ನಾವು ಉಣ್ಣುವುದುಂಟೆ? ಎರಡು ವಾರ ಮೊದಲೇ ಫೋನು ಮಾಡಿದೆವು. ರೋಮಿನವರು ಹೆಚ್ಚಾಗಿ ಊಟಕ್ಕೆ ಬರುವುದು ರಾತ್ರಿ 8-30ರ ಮೇಲೆ; ಬಾಗಿಲು ತೆರೆಯುವ 7-30ಕ್ಕೇ ಕೇಳಿದರೆ ಮೇಜು ಸಿಗುವ ಸಂಭವ ಹೆಚ್ಚು. ನಮಗೂ ಹಾಗೆಯೇ ಸಿಕ್ಕಿತು.

ಶಾಕಾಹಾರಿಗಳು ಒಂದು ಮಾತು ಮರೆಯಬಾರದು. ಕಾರ್ಬೊನಾರಾ, ಅಮಾತ್ರಿಚಾನಾಗಳಲ್ಲಿ ಹಂದಿಯ ಕೆನ್ನೆಯ ಮಾಂಸವಿರುತ್ತದೆ. ಚೀಸು, ಕರಿಮೆಣಸು ಮಾತ್ರ ಬೆರೆಸಿದ ‘ಕಾಚೊ ಎ ಪೆಪೆ’ ನಿರಪಾಯವೆಂದು ತೋರಿದರೂ, ಅದರ ಪೆಕೊರಿನೊ ರೊಮಾನೊ ಚೀಸಿಗೆ ಹಾಲು ಒಡೆಸುವುದು ಕುರಿಮರಿಯ ಜಠರದಿಂದ ತೆಗೆದ ಹೆಪ್ಪಿನಿಂದ. ಮೇಜು ಕೇಳುವಾಗಲೇ ನಮ್ಮ ನಿಯಮವನ್ನು ತಿಳಿಸಿದ್ದೆವು. ತಾಯಿಯವರಿಗೆ ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿದ ಸ್ಪಗೆತ್ತಿ ಬಂತು. ಒಂದು ತುತ್ತು ಬಾಯಿಗಿಟ್ಟು, “ಇದು ನಮ್ಮ ಒಗ್ಗರಣೆಯೇ ಕಣ್ರೋ!” ಎಂದರು.

ಆಗಸ್ಟ್ 15ರ ಹಬ್ಬದ ಆಸುಪಾಸು ಅನೇಕ ಖಾನಾವಳಿಗಳು ಮುಚ್ಚಿರುತ್ತವೆ. ಆ ದಿನಗಳನ್ನು ಬಿಟ್ಟು ಹೋಗುವುದು ಒಳಿತು. ಗೊತ್ತುಮಾಡಿದ ಮೇಲೆ ಹೋಗಲಾಗದಿದ್ದರೆ ಮರೆಯದೆ ತಿಳಿಸಿರಿ. ಆ ಮೇಜಿಗೆ ಕಾದ ಕುಟುಂಬ ಇನ್ನೊಂದಿರುತ್ತದೆ.